ಉತ್ತರ ಬರುವವರೆಗೆ ಕಾಲೆತ್ತದ ಮಾಮ

ಲಿಫ್ಟ್ ಮಾಮ ಬಿದ್ದದ್ದು ಮೆಟ್ಟಿಲ ಮೇಲೆ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ‘ಅಯ್ಯೋ ಪಾಪ’ ಅನ್ನುತ್ತಾರೆ. ದೊಡ್ಡ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗಿನ ಕತ್ತಲಲ್ಲಿ ಹತ್ತಿ ಇಳಿದು, ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು ಉಕ್ಕಿನ ಹಗ್ಗಗಳನ್ನು ತಡವಿ ನೋಡಿ, ಒಂದು ಗೀರೂ ಬೀಳದೆ ಮನೆಗೆ ಬರುತ್ತಿದ್ದ ಮನುಷ್ಯ. ಒಂದು ಬೆಳಿಗ್ಗೆ ಹಾಲಿನ ಪೊಟ್ಟಣ ಹಿಡಿದುಕೊಂಡು ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಪಾದದ ಮೂಳೆ ಮುರಿದುಕೊಂಡ. ಅವನ ಮನೆ ಇರುವುದು ಮೂರನೆಯ ಮಹಡಿಯಲ್ಲಿ, ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹಾಲಿನ ಪೊಟ್ಟಣಕ್ಕೆ ಏನೂ ಆಗಲಿಲ್ಲ ಎಂಬುದನ್ನು ಅವನ ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂತವನ ಕಾಟ ಅವಳಿಗೆ ಒಂದೇ ವಾರಕ್ಕೆ ಸಾಕೋಸಾಕಾಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಮೂಗಿಗೆ ಫ್ರೇಮು ಕೂರಿಸುತ್ತಿರುವಾಗಲೇ ಇವನ ಫೋನು. “ಫ್ರಿಜ್ಜು ಗೊಂಯ್ ಅಂತಿದೆ ಕಣೇ, ಬಿಚ್ಚಿ ನೋಡ್ಲಾ?” “ಮುಟ್ಟಿದ್ರೆ ಇನ್ನೊಂದು ಕಾಲೂ ಮುರೀತೀನಿ” ಎಂದು ಅವಳು ಗಿರಾಕಿಯ ಕಡೆ ನಗುತ್ತಲೇ ಹೇಳುತ್ತಿದ್ದಳು. ಫ್ರಿಜ್ಜು ಬಿಟ್ಟು ಗೋಡೆ ಗಡಿಯಾರ ಬಿಚ್ಚಿದ. ಮಿಕ್ಸಿ ಬಿಚ್ಚಿದ. ಅವೆಲ್ಲ ಸರಿಯಾಗಿಯೇ ಇದ್ದವು, ಇವನು ಬಿಚ್ಚುವವರೆಗೆ. ಕಡೆಗೆ ಅವಳು ಪುಟ್ಟಿಗೆ ಫೋನ್ ಮಾಡಿ, “ನಿಮ್ಮ ಮಾಮನ ಕೈಗೆ ಏನಾದ್ರೂ ಕೊಡೇ ಮಾರಾಯ್ತಿ, ಇಲ್ದಿದ್ರೆ ಮನೆ ಬಾಗ್ಲಲ್ಲಿ ಒಂದು ಸ್ಕ್ರೂನೂ ಉಳಿಯಲ್ಲ” ಎಂದಳು.

ಪುಟ್ಟಿ ಎಂದರೆ ಮಾಮನ ಅಕ್ಕನ ಮಗಳು. ಕರೆಯುವುದು ಪುಟ್ಟಿ ಎಂದು, ನಿಂತರೆ ಮಾಮನಿಗಿಂತ ಗೇಣುದ್ದ ಎತ್ತರ. ಜಾಹೀರಾತು ಕಚೇರಿಯೊಂದರಲ್ಲಿ ಚಿತ್ರ ಬರೆಯುವ ಕೆಲಸ. ಚಿಕ್ಕವಳಿದ್ದಾಗ ಅವಳ ಅಮ್ಮನ ಪಾಳಿ ಮುಗಿಯುವ ತನಕ ದಿನಾ ಸಂಜೆ ಮಾಮನ ಮನೆಯೇ ಗತಿ. ಅವನ ಕಬ್ಬಿಣದ ಸಾಮಾನು ಪೆಟ್ಟಿಗೆಯ ಮೇಲೆ ಕೂತು ಕಾಲಾಡಿಸುತ್ತ, ಶಾಲೆಯಲ್ಲಿ ಯಾರು ಯಾರ ಜಡೆ ಎಳೆದರು, ಟೀಚರು ಯಾರ ಮೇಲೆ ಗುರ್ರೆಂದರು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಬಾಯೆಂದರೆ ಬಾಯಿ, ಕೇಳಿ ಕೇಳಿ ಮಾಮನ ಕಾಫಿ ಆರಿ ತಣ್ಣಗಾಗುತ್ತಿತ್ತು. ದೊಡ್ಡವಳಾಗುತ್ತ ಆ ಬಾಯಿ ಎಲ್ಲಿ ಹೋಯಿತೋ. ಈಗ ಬಂದರೂ ಫೋನಿನಲ್ಲಿ ಮುಖ ಹುದುಗಿಸಿ ಕೂರುತ್ತಾಳೆ. “ಊಟ ಆಯ್ತಾ?” “ಹೂಂ.” “ಕೆಲ್ಸ ಹೇಗಿದೆ?” “ಹೂಂ.” ಹೊರಟಾಗ ಮಾಮ ಬಾಗಿಲಲ್ಲಿ ನಿಂತು, “ಹುಷಾರಾಗಿ ಹೋಗು, ಮನೆ ಮುಟ್ಟಿದ ತಕ್ಷಣ ಫೋನ್ ಮಾಡು” ಅನ್ನುತ್ತಾನೆ. ಮೆಟ್ಟಿಲ ತಿರುವಿನಿಂದ ಒಂದು “ಹೂಂ” ಬರುತ್ತದೆ, ಚಪ್ಪಲಿ ಸದ್ದು ಇಳಿದುಹೋಗುತ್ತದೆ. ಫೋನು ಬರುವುದಿಲ್ಲ.

ಅವಳ ಮೇಲೆ ಮಾಮನಿಗೆ ಕೋಪವಿರಲಿಲ್ಲ. ಆದರೆ ಆ ‘ಹೂಂ’ ಇದೆಯಲ್ಲ, ಅದು ಅವನ ಕಸುಬಿನಲ್ಲಿ ಉತ್ತರವೇ ಅಲ್ಲ.

ಲಿಫ್ಟಿನ ಕೆಲಸ ಜೋಡಿ ಕೆಲಸ. ಒಬ್ಬ ಮೇಲೆ ಮೋಟರ್ ಕೋಣೆಯಲ್ಲಿ, ಒಬ್ಬ ಕೆಳಗೆ ಗುಂಡಿಯಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಕೂಗೊಂದೇ ಆಧಾರ. ಮಾಡುವ ಮುಂಚೆ ಹೇಳಬೇಕು, ಆಚೆಯವನು ಅದೇ ಮಾತನ್ನು ತಿರುಗಿಸಿ ಹೇಳಬೇಕು. “ಇಳಿಸ್ತೀನಿ” ಎಂದರೆ “ಇಳಿಸು” ಎಂದು ಬರಬೇಕು. ಬರುವವರೆಗೆ ಕೈಯಾಡಿಸುವಂತಿಲ್ಲ, ಕಾಲೆತ್ತುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮಾಮನ ಜೋಡಿದಾರ ಮೇಲಿನಿಂದ “ಇಳಿಸ್ತೀನಿ” ಎಂದು ಕೂಗಿದ್ದಾನೆ. ಯಾವುದೋ ಮಹಡಿಯಲ್ಲಿ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ ಹೆಂಗಸು “ಹೂಂ” ಅಂದಿದ್ದಾರೆ. ಅದೇ ಮಾಮನ ಉತ್ತರವೆಂದುಕೊಂಡು ಜೋಡಿದಾರ ಪೆಟ್ಟಿಗೆ ಇಳಿಸಿದ. ಗುಂಡಿಯಲ್ಲಿದ್ದ ಮಾಮ ಮೂಲೆಗೆ ಹಾರಿಕೊಂಡ, ಒಂದು ಬೂಟು ಮಾತ್ರ ಅಪ್ಪಚ್ಚಿಯಾಯಿತು. ಜೋಡಿದಾರ ಅದೇ ದಿನ ಹೊಸ ಬೂಟು ತಂದುಕೊಟ್ಟು, ಅದರ ಪೆಟ್ಟಿಗೆ ಹಿಡಿದುಕೊಂಡೇ ಗೊಳೋ ಎಂದು ಅತ್ತ. ಅಂದಿನಿಂದ ಇಬ್ಬರ ನಡುವೆ ‘ಹೂಂ’ಗೆ ಬೆಲೆ ಇಲ್ಲ.

ಇರಲಿ, ಅತ್ತೆಯ ಮಾತಿಗೆ ಪುಟ್ಟಿ ತನ್ನ ಹಳೆಯ ಲ್ಯಾಪ್‌ಟಾಪು ತಂದುಕೊಟ್ಟಳು. ಮಾಮ ಇಸ್ಪೀಟು ಆಡಿಕೊಂಡಿರಲಿ ಎಂಬುದು ಅವಳ ಲೆಕ್ಕ. ಅದರೊಳಗೆ ಅವಳೇ ಆಡುತ್ತಿದ್ದ ‘ಏಳು ಗೋಪುರ’ ಹಾಗೆಯೇ ಇತ್ತು. ಎಲ್ಲೆಲ್ಲೋ ಕೂತ ಜನ ಇಂಟರ್‌ನೆಟ್ಟಿನಲ್ಲಿ ಒಂದಾಗಿ, ಒಬ್ಬೊಬ್ಬರು ಒಂದೊಂದು ವೇಷ ತೊಟ್ಟು, ಹೆಡ್‌ಫೋನಿನಲ್ಲಿ ಮಾತಾಡಿಕೊಳ್ಳುತ್ತ ಗೋಪುರ ಹತ್ತುವ ಆಟ ಅದು. ಮಾಮ ಹಿಡಿದದ್ದು ಗುರಾಣಿ. ಗುರಾಣಿಯವನಿಗೆ ಕತ್ತಿವರಸೆ ಬೇಡ, ಮಂತ್ರ ಬೇಡ. ಮುಂದೆ ನಿಂತು ಬರುವ ಏಟನ್ನೆಲ್ಲ ತಿನ್ನಬೇಕು, ಅಷ್ಟೇ. ದಪ್ಪ ಬೆರಳಿಗೆ ಹೇಳಿ ಮಾಡಿಸಿದ ಕೆಲಸ.

“ಸ್ನಾನದ ಮನೆ ಬಲ್ಬು ಹಾಕ್ರೀ ಅಂತ ತಿಂಗಳಿಂದ ಬಡ್ಕೋತಿದೀನಿ, ಇವರು ಅಲ್ಲಿ ಕೋಟೆ ಕಾಯ್ತಿದಾರೆ” ಎಂದು ಹೆಂಡತಿ ಗೊಣಗಿದಳು. ಆದರೆ ಮನೆಯಲ್ಲಿ ಸ್ಕ್ರೂಗಳು ಉಳಿದವು ಎಂಬ ಸಮಾಧಾನ ಅವಳಿಗೂ ಇತ್ತು.

ಕಟ್ಟು ಬಿಚ್ಚಿದರೂ ಆಟ ಬಿಡಲಿಲ್ಲ. ಅದೇ ಹೊತ್ತಿಗೆ ಪುಟ್ಟಿಯ ತಂಡದ ಗುರಾಣಿಯವನು ಮದುವೆಯಾಗಿ ಆಟಕ್ಕೆ ಕೈಕೊಟ್ಟ. ಬೇರೆ ಯಾರೂ ಸಿಗದೆ, “ಬೇರೆಯವರು ಸಿಗೋ ತನಕ ಮಾತ್ರ” ಎಂದು ಅವಳು ಮಾಮನನ್ನು ಸೇರಿಸಿಕೊಂಡಳು. ಅವಳದು ಬಿಲ್ಲು, ಅವಳೇ ನಾಯಕಿ. ಗಾಯ ಮಾಯಿಸುವ ವೈದ್ಯನ ವೇಷದಲ್ಲಿದ್ದವನು ನಿಜದಲ್ಲಿ ಬೇಕರಿಯವನು. ಒಲೆಯಲ್ಲಿ ಬ್ರೆಡ್ಡು ಇಟ್ಟು ಬಂದು ಕೂರುತ್ತಿದ್ದ, ನಡುವೆ “ಒಂದ್ನಿಮಿಷ, ಸೀದೋಗುತ್ತೆ” ಎಂದು ಎದ್ದು ಓಡುತ್ತಿದ್ದ. ನಾಲ್ಕನೆಯದು ಮಂತ್ರದ ಕೋಲು ಹಿಡಿದ ಒಬ್ಬರು. ಅವರು ಯಾರೋ, ಎಲ್ಲಿಯವರೋ, ಗಂಡೋ ಹೆಣ್ಣೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಬರೆದೇ ತಿಳಿಸುತ್ತಿದ್ದರು. ಮೈಕು ಒಮ್ಮೆಯೂ ತೆರೆದದ್ದಿಲ್ಲ. ಬೇಕರಿಯವನು ಅವರಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದ. “ಜಂಬ ಅಣ್ಣಾ, ನಮ್ಮಂಥೋರ ಜೊತೆ ಏನ್ ಮಾತು ಅಂತ” ಅನ್ನುವುದು ಅವನ ತೀರ್ಮಾನ.

ಮಾಮನಿಗೆ ಇದರಲ್ಲಿ ಸಿಕ್ಕ ನಿಧಿ ಎಂದರೆ ಪುಟ್ಟಿಯ ಬಾಯಿ. ಮನೆಗೆ ಬಂದಾಗ ತುಟಿ ಬಿಚ್ಚದ ಹುಡುಗಿ ಹೆಡ್‌ಫೋನಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಬೈಯುತ್ತಿದ್ದಳು, ನಗುತ್ತಿದ್ದಳು, ಗೋಪುರಗಳ ನಡುವಿನ ಬಿಡುವಿನಲ್ಲಿ ಕಚೇರಿಯ ಮೇಲಿನವನು ನೀಲಿಯನ್ನು ಹಸಿರೆಂದು ವಾದಿಸಿದ್ದನ್ನು ಅವನ ದನಿಯಲ್ಲೇ ಅಣಕಿಸುತ್ತಿದ್ದಳು. ಸಂಜೆಯ ಆ ಒಂದು ಗಂಟೆಗಾಗಿ ಮಾಮ ಕೆಲಸದಿಂದ ಬಂದವನೇ ಕೈಕಾಲು ತೊಳೆದು, ತಲೆ ಬಾಚಿ ಕೂರುತ್ತಿದ್ದ. “ಯಾರು ನೋಡ್ತಾರೆ ಅಂತ ಬಾಚ್ಕೋತೀರಿ?” ಎಂದು ಹೆಂಡತಿ ಕೇಳಿದರೆ ಹೆಡ್‌ಫೋನು ಕಿವಿಗೇರಿಸುತ್ತಿದ್ದ.

ಪುಟ್ಟಿಗೆ ಬೇಕಾಗಿದ್ದುದು ಒಂದೇ: ಎಲೀಟ್ ಆಗಬೇಕು. ಒಂದು ಸೀಸನ್ ಮುಗಿಯುವುದರೊಳಗೆ ಏಳನೆಯ ಗೋಪುರವನ್ನು ಗೊತ್ತುಮಾಡಿದ ಹೊತ್ತಿನೊಳಗೆ, ತಂಡದಲ್ಲಿ ಯಾರೂ ಸಾಯದಂತೆ ಏರಿದವರ ಹೆಸರಿನ ಕೆಳಗೆ ಚಿನ್ನದ ಗೆರೆ ಬೀಳುತ್ತದೆ. ಅವರೇ ಎಲೀಟು.

“ಎಲೀಟ್ ಅಂದ್ರೆ ಏನು ಪುಟ್ಟಿ, ಒಳ್ಳೇ ಆಯುಧ ಇರೋರಾ?” ಎಂದು ಮಾಮ ಕೇಳಿದ್ದ.

“ಆಯುಧ ಯಾರು ಬೇಕಾದ್ರೂ ಸಂಪಾದಿಸ್ತಾರೆ. ಎಲೀಟ್ ಅಂದ್ರೆ ಯೋಚ್ನೆ ಮಾಡೋಕೆ ಮುಂಚೆ ಬೆರಳು ಓಡ್ಬೇಕು. ತಡ ಮಾಡೋನು ಎಲೀಟ್ ಅಲ್ಲ, ಅಷ್ಟೇ.”

ಮಾಮ ತನ್ನ ಬೆರಳುಗಳನ್ನು ನೋಡಿಕೊಂಡ. ಅವಕ್ಕೆ ಓಡಿ ಅಭ್ಯಾಸವಿರಲಿಲ್ಲ.

ಅವನ ತೊಂದರೆ ಬೆರಳಿನದ್ದಲ್ಲ, ಕಸುಬಿನದು. ಮೊದಲ ದಿನವೇ ಗೋಪುರದ ಬಾಗಿಲಲ್ಲಿ ನಿಂತು “ಒಳಗೆ ಹೋಗ್ತೀನಿ” ಎಂದ. ಯಾರೂ ಏನೂ ಅನ್ನಲಿಲ್ಲ. ಮಾಮ ಅಲ್ಲೇ ನಿಂತ. “ಹೋಗು ಮಾಮ, ಇನ್ನೇನು ಆರತಿ ಎತ್ಬೇಕಾ?” ಎಂದು ಪುಟ್ಟಿ ರೇಗಿದಳು. ಮಾಮನಿಗೆ “ಹೋಗು” ಎಂಬುದು ಕೇಳಿಸಿತು, ಒಳಗೆ ಹೋದ. ಹೀಗೆ ಹೆಜ್ಜೆಹೆಜ್ಜೆಗೂ. ಪುಟ್ಟಿ ತಲೆ ಚಚ್ಚಿಕೊಂಡಳು. ಆಮೇಲಾಮೇಲೆ ಬೇರೆ ದಾರಿ ಕಾಣದೆ ಎಲ್ಲರೂ ತಿರುಗಿಸಿ ಹೇಳಲು ಕಲಿತರು. “ಎಡಕ್ಕೆ ತಿರುಗ್ತೀನಿ.” “ಎಡಕ್ಕೆ ತಿರುಗಣ್ಣಾ.” ತಮಾಷೆಯೆಂದರೆ ತಂಡ ಸಾಯುವುದು ಕಡಿಮೆಯಾಯಿತು. ಅದನ್ನು ಪುಟ್ಟಿ ಗಮನಿಸಿದರೂ ಬಾಯಿ ಬಿಟ್ಟು ಹೇಳಲಿಲ್ಲ.

ಮೌನಿಯದೇ ಸಮಸ್ಯೆ. ಬರೆದದ್ದನ್ನು ಓದಲು ಮಾಮ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ನಾಲ್ಕು ಏಟು ಬಿದ್ದಿರುತ್ತಿತ್ತು. ಅದಕ್ಕೂ ಅವನ ಬಳಿ ಔಷಧಿ ಇತ್ತು. ಮೋಟರಿನ ಸದ್ದಿನಲ್ಲಿ ಕೂಗು ಕೇಳದಿದ್ದಾಗ ಲಿಫ್ಟಿನವರು ಕಂಬಿಯ ಮೇಲೆ ಸ್ಪ್ಯಾನರಿನಿಂದ ಬಡಿಯುತ್ತಾರೆ. “ನೀವು ಮಾತಾಡ್ಬೇಡಿ ಮೌನೀ, ಕೋಲನ್ನ ನೆಲಕ್ಕೆ ಎರಡು ಸಲ ಕುಟ್ಟಿ, ಸಾಕು” ಎಂದ. ಮಾರನೆಯ ದಿನದಿಂದ ಟಕ್ ಟಕ್ ಎಂದು ಉತ್ತರ ಬರತೊಡಗಿತು, ಒಮ್ಮೆಯೂ ತಪ್ಪಲಿಲ್ಲ. ಇಷ್ಟು ಜವಾಬ್ದಾರಿಯಿಂದ ಕುಟ್ಟುವವರಿಗೆ ಜಂಬ ಇರಲಾರದು ಎಂದು ಮಾಮನಿಗೆ ಅನಿಸಿತು.

ಸೀಸನ್ನಿನ ಕೊನೆಯ ದಿನ ಭಾನುವಾರ ಬಿತ್ತು. ಮಧ್ಯಾಹ್ನ ಊಟವಾದ ಮೇಲೆ ಏಳನೆಯ ಗೋಪುರ ಎಂದು ಗೊತ್ತಾಗಿತ್ತು. ಹಿಂದಿನ ಸಂಜೆ ಪುಟ್ಟಿ ಮಾಮನೊಬ್ಬನನ್ನೇ ಕರೆದು ಮಾತಾಡಿದಳು.

“ಮಾಮ, ತುದೀಲಿ ಒಂದು ಬಾವಿ ಬರುತ್ತೆ. ಅಲ್ಲಿರೋ ಮೃಗ ಮೌನಿ ಕೈಯಿಂದ ಕೋಲು ಕಿತ್ಕೊಂಡುಬಿಡುತ್ತೆ. ಮೌನಿ ಎರಡೂ ಕೈಯಲ್ಲಿ ಬಾವಿಯೊಳಗೆ ಬೆಳಕಿನ ನೆಲ ಹಾಸ್ತಾರೆ. ನೀನು ಮೊದ್ಲು ಜಿಗೀಬೇಕು, ಹಿಂದೆ ನಾವು. ಅವರ ಕೈ ಬಿಡುವಿರಲ್ಲ, ಕುಟ್ಟೋಕೂ ಆಗಲ್ಲ, ಬರೆಯೋಕೂ ಆಗಲ್ಲ. ಅಲ್ಲಿ ಕೇಳ್ತಾ ನಿಂತ್ಕೋಬೇಡ. ಸುಮ್ನೆ ಜಿಗಿ.”

“ನೆಲ ಹಾಸಿದ್ರೋ ಇಲ್ವೋ ಗೊತ್ತಾಗೋದು ಹೇಗೆ?”

“ಹಾಸಿರ್ತಾರೆ ಮಾಮ! ನೋಡು, ಇದೇ ಕೊನೇ ಚಾನ್ಸು. ಇದು ಕೆಟ್ರೆ ಮುಂದಿನ ಸೀಸನ್‌ಗೆ ನಾನು ಬೇರೆ ಗುರಾಣಿ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ. ಜಿಗೀತೀಯ ತಾನೆ?”

“ಹೂಂ” ಎಂದ ಮಾಮ.

ಅಂದ ಮೇಲೆ ಅವನಿಗೇ ಕಸಿವಿಸಿ. ಅವಳು ತನ್ನನ್ನು ತಂಡದಿಂದ ಕೈಬಿಟ್ಟರೆ ಚಿನ್ನದ ಗೆರೆ ಹೋಯಿತೆಂಬ ದುಃಖವೇನೂ ಅವನಿಗಿಲ್ಲ. ಆ ಒಂದು ಗಂಟೆ ಹೋಗುತ್ತದೆ. ಮತ್ತೆ ಮೆಟ್ಟಿಲ ತಿರುವಿನ ‘ಹೂಂ’ ಒಂದೇ ಉಳಿಯುತ್ತದೆ.

ಭಾನುವಾರ ಎಲ್ಲ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಬೇಕರಿಯವನು ಆ ದಿನ ಒಲೆಯನ್ನೇ ಹಚ್ಚಿರಲಿಲ್ಲ. ಬಾಗಿಲ ಮೇಲೆ ಬಾಗಿಲು ದಾಟಿ, ಮಹಡಿಯ ಮೇಲೆ ಮಹಡಿ ಹತ್ತಿ, ಯಾರೂ ಸಾಯದೆ ತುದಿ ಮುಟ್ಟಿದಾಗ ಹೊತ್ತು ಇನ್ನೂ ಉಳಿದಿತ್ತು. “ಬಂದ್ವಿ, ಬಂದ್ವಿ!” ಎಂದು ಪುಟ್ಟಿ ಕೂಗಿಕೊಂಡಳು. ಆ ದನಿ ಸಾಮಾನು ಪೆಟ್ಟಿಗೆಯ ಮೇಲೆ ಕೂತು ಕಾಲಾಡಿಸುತ್ತಿದ್ದವಳದೇ. ಮಾಮನ ಎದೆ ತುಂಬಿತು.

ಮೃಗ ಎದ್ದಿತು. ಮೌನಿಯ ಕೋಲು ಹೋಯಿತು. ಎದುರಿಗೆ ಬಾವಿ. ಆಟ ಮಾಡಿದವರು ಲಿಫ್ಟಿನ ಗುಂಡಿಯೊಳಗೆ ಇಣುಕಿ ನೋಡಿದ್ದರೋ ಏನೋ. ಅದೇ ಚೌಕ, ಅದೇ ಕಪ್ಪು. ಮಾಮ ಅಂಚಿಗೆ ಬಂದು ನಿಂತ. ಬಾಯಿ ತಾನಾಗಿಯೇ ಆಡಿತು.

“ಮೌನೀ, ಇಳೀತೀನಿ.”

“ಮಾಮ, ಜಿಗಿ!” ಎಂದಳು ಪುಟ್ಟಿ.

ಮಾಮನ ಬೆರಳು ಜಿಗಿಯುವ ಬಟನ್ನಿನ ಮೇಲಿತ್ತು. ಇದು ಆಟ, ಸತ್ತರೆ ಎದ್ದುಬರುತ್ತೇನೆ, ಇದೆಲ್ಲ ಅವನಿಗೆ ಗೊತ್ತು. ಹಾಳು ಬೆರಳು ಮಾತ್ರ ಜಪ್ಪಯ್ಯ ಅಂದರೂ ಒತ್ತಲಿಲ್ಲ. ಕೂಗಿದ್ದಾಯಿತು, ಉತ್ತರ ಬಂದಿಲ್ಲ. ನೆಲ ಹಾಸುವವರೊಬ್ಬರು ಆಚೆ ಇದ್ದಾರೆ.

“ಜಿಗಿಯಣ್ಣಾ, ನನ್ನ ಔಷಧಿ ಖಾಲಿ ಆಗ್ತಾ ಇದೆ!” ಬೇಕರಿಯವನು.

“ಮಾಮ, ಹೂಂ ಅಂದಿದ್ದೆ ನೀನು! ಪ್ಲೀಸ್!”

“ಇಳೀತೀನಿ, ಮೌನೀ” ಎಂದು ಮಾಮ ಮತ್ತೆ ಹೇಳಿದ. ಏಟುಗಳು ಗುರಾಣಿಯ ಮೇಲೆ ಬೀಳುತ್ತಲೇ ಇದ್ದವು, ಅವನು ತಿನ್ನುತ್ತಲೇ ನಿಂತ.

ಆಗ ಹೆಡ್‌ಫೋನಿನಲ್ಲಿ ಕಟಕ್ ಎಂದಿತು. ಯಾರದೋ ಉಸಿರು ಕೇಳಿಸಿತು. ಆಮೇಲೆ, “ಇ… ಇ…”

“ಯಾರದು?” ಎಂದಳು ಪುಟ್ಟಿ.

“ಇ… ಇ…” ಹೆಂಗಸಿನ ದನಿ, ನಡುವಯಸ್ಸಿನದು. ಆ ಒಂದಕ್ಷರದ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಿರುವಂತಿತ್ತು.

“ನಿಧಾನವಾಗಿ ಹೇಳಿ ತಾಯಿ” ಎಂದ ಮಾಮ. “ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ನಿಂತಿದೀನಿ. ಇಳೀತೀನಿ?”

ಪರದೆಯ ಮೂಲೆಯಲ್ಲಿ ಹೊತ್ತು ಮುಗಿದು, ಅಂಕಿ ಕೆಂಪಾಯಿತು. ಅದು ಕೆಂಪಾದ ಮೇಲೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

“ಇ… ಇಳೀರಿ.”

ಮಾಮ ಜಿಗಿದ. ಕಾಲಡಿಯಲ್ಲಿ ಬೆಳಕಿನ ನೆಲ ಗಟ್ಟಿಯಾಗಿ ಇತ್ತು. ಅವನು ಕೇಳಿದ ಮೊದಲ ಸಲದಿಂದಲೂ ಇತ್ತು.

ಮೃಗವನ್ನು ಕೊಂದರು, ಗೋಪುರ ಗೆದ್ದರು. ಚಿನ್ನದ ಗೆರೆ ಬರಲಿಲ್ಲ. ನಾಲ್ವರೂ ತುದಿಯಲ್ಲಿ ನಿಂತಿದ್ದಾಗ ಆ ಹೆಂಗಸು ಮತ್ತೆ ಮಾತಾಡಿದರು. ಎರಡು ಮಾತಿಗೆ ಒಂದು ಊಟದಷ್ಟು ಹೊತ್ತು ಹಿಡಿಯಿತು. “ನ… ನನಗೆ ಉಗ್ಗು. ಗಿ… ಗಿಡ ಬೆಳೆಸೋ ಕಡೆ ಕೆಲಸ ಮಾಡ್ತೀನಿ, ಗಿಡಗಳು ಅ… ಅವಸರ ಮಾಡಲ್ಲ. ಜನ ನನ್ನ ಮಾತನ್ನ ತಾ… ತಾವೇ ಮುಗಿಸಿಬಿಡ್ತಾರೆ. ಅದಕ್ಕೇ ನಾನು ಆ… ಆಡೋದೇ ಬಿಟ್ಟೆ. ಇವತ್ತು ಯಾ… ಯಾರೂ ಮುಗಿಸ್ಲಿಲ್ಲ.” ಬೇಕರಿಯವನು ಮೂಗು ಸೊರಸೊರ ಎನಿಸಿದ್ದು ಎಲ್ಲರಿಗೂ ಕೇಳಿಸಿತು. ಪುಟ್ಟಿ ತಟ್ಟನೆ ಆಟದಿಂದ ಹೊರಗೆ ಹೋದಳು.

ಆ ವಾರ ಮಾಮ ಸಂಜೆ ತಲೆ ಬಾಚಲಿಲ್ಲ. ಸ್ನಾನದ ಮನೆಗೆ ಬಲ್ಬು ಹಾಕಿದ. ಕೇಳದೆಯೇ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ. ಗಂಡ ಇಷ್ಟು ಒಳ್ಳೆಯವನಾದದ್ದು ಕಂಡು ಹೆಂಡತಿಗೆ ಗಾಬರಿಯಾಯಿತು.

“ಫೋನ್ ಮಾಡಿ ಸಾರಿ ಅಂದ್ಬಿಡಿ” ಎಂದಳು.

“ಏನಂತ ಸಾರಿ? ಇನ್ನೊಂದ್ಸಲ ಅಲ್ಲಿ ನಿಲ್ಲಿಸಿದ್ರೂ ಹಾಗೇ ನಿಂತಿರ್ತೀನಿ ಕಣೇ. ಅವಳಿಗೆ ಹೂಂ ಅಂದೆನಲ್ಲ, ಅದಕ್ಕೆ ಮಾತ್ರ ಬೇಜಾರಾಗ್ತಿದೆ.”

ಮುಂದಿನ ಶನಿವಾರ ಸಂಜೆ ಪುಟ್ಟಿ ಬಂದಳು. ಅವಳು ಬಂದ ರೀತಿ ನೋಡಿಯೇ ಇದು ಬೀಳ್ಕೊಡುಗೆ ಎಂದು ಮಾಮನಿಗೆ ಖಾತ್ರಿಯಾಯಿತು. ಫೋನನ್ನು ಚೀಲದೊಳಗೆ ಇಟ್ಟಿದ್ದಳು.

“ಒಂದು ಎಲೀಟ್ ತಂಡದವರು ನನ್ನ ಕರೆದಿದ್ರು ಮಾಮ. ಎಲ್ಲರ ಹೆಸ್ರಿಗೂ ಚಿನ್ನದ ಗೆರೆ. ನನ್ನ ಬಾಣ ನೋಡಿ ಕರೆದದ್ದು.”

“ಒಳ್ಳೇದಾಯ್ತಲ್ಲ ಪುಟ್ಟಿ” ಎಂದ ಮಾಮ. ನಿಜವಾಗಿಯೂ ಹೆಮ್ಮೆಯಾಗಿತ್ತು. “ಹೋಗು. ನನ್ನ ಬಗ್ಗೆ ಯೋಚ್ನೆ ಮಾಡ್ಬೇಡ.”

“ಹೋಗಿ ಆಡ್ಕೊಂಡೂ ಬಂದೆ, ಮೊನ್ನೆ. ಏನ್ ಬೆರಳು ಮಾಮ ಅವರದ್ದು, ನೋಡೋಕೆ ಎರಡು ಕಣ್ಣು ಸಾಲ್ದು. ಒಂದು ಕಡೆ ಹಳ್ಳ ಬಂತು. ಅಭ್ಯಾಸ ಬಲ, ‘ಇಳೀತೀನಿ’ ಅಂದ್ಬಿಟ್ಟೆ. ಒಬ್ಬ ‘ಏನಮ್ಮಾ, ಇದೇನು ಬಸ್ಸಾ?’ ಅಂದ.”

ಅಡುಗೆ ಮನೆಯಿಂದ ಅತ್ತೆ ಕಿಸಕ್ಕೆಂದಳು. ಪುಟ್ಟಿಯೂ ನಕ್ಕಳು, ಆಮೇಲೆ ನಗು ನಿಂತಿತು.

“ಆ ಹಳ್ಳಕ್ಕೆ ಇಳಿದು ನಾನು ಸತ್ತೆ ಮಾಮ. ಯಾರೂ ತಿರುಗಿ ನೋಡ್ಲಿಲ್ಲ. ಹೋಗ್ತಾನೇ ಇದ್ರು. ಕೊನೇಲಿ ನನಗೂ ಚಿನ್ನದ ಗೆರೆ ಸಿಗುತ್ತೆ ಮುಂದಿನ ಸಲ ಅಂದ್ರು. ನಾನು ಆ ಹಳ್ಳದಲ್ಲಿ ಬಿದ್ಕೊಂಡು ಯೋಚ್ನೆ ಮಾಡ್ತಿದ್ದೆ, ನಮ್ಮ ಮಾಮ ಇದ್ದಿದ್ರೆ ಇನ್ನೂ ಮೇಲೆ ನಿಂತ್ಕೊಂಡು ಕೂಗ್ತಾ ಇರ್ತಿದ್ದ ಅಂತ.” ಅವಳು ಹಳೆಯ ಸಾಮಾನು ಪೆಟ್ಟಿಗೆಯನ್ನು ಕಾಲಿನಿಂದ ಎಳೆದು ಅದರ ಮೇಲೆ ಕೂತಳು. ಈಗ ಕಾಲು ನೆಲಕ್ಕೆ ಮುಟ್ಟುತ್ತಿತ್ತು. “ಸೋಮವಾರದಿಂದ ಹೊಸ ಸೀಸನ್. ಮೌನಿ ಅಕ್ಕನಿಗೆ ಹೇಳಿದೀನಿ, ಬೇಕರಿ ಅಣ್ಣನಿಗೂ ಹೇಳಿದೀನಿ. ಆ ಕೊನೇ ಬಾವಿ ಹತ್ರ ಎಷ್ಟು ಹೊತ್ತು ಬೇಕೋ ಅಷ್ಟನ್ನ ಕೆಳಗಿನ ಮಹಡಿಗಳಲ್ಲೇ ಉಳಿಸ್ಕೋಬೇಕು. ಅದು ನನ್ನ ಬೆರಳಿನ ಕೆಲ್ಸ. ನಿಲ್ಲೋದು ನಿನ್ನ ಕೆಲ್ಸ.”

ಮಾಮ “ನಿಲ್ಲೋದು ನನ್ನ ಕೆಲ್ಸ” ಎಂದು ತಿರುಗಿಸಿ ಹೇಳಿದ. ಆಮೇಲೆ ಅವಳು ಕಚೇರಿಯ ನೀಲಿ ಹಸಿರಿನ ಕಥೆ ಶುರುಮಾಡಿದಳು, ಮಾಮನ ಕಾಫಿ ಆರಿ ತಣ್ಣಗಾಯಿತು.

ಹೊರಟಾಗ ಮಾಮ ಎಂದಿನಂತೆ ಬಾಗಿಲಿಗೆ ಬಂದು ನಿಂತ. “ಹುಷಾರಾಗಿ ಹೋಗು ಪುಟ್ಟಿ, ಮನೆ ಮುಟ್ಟಿದ ತಕ್ಷಣ ಫೋನ್ ಮಾಡು.”

ಮೆಟ್ಟಿಲ ತಿರುವಿನಲ್ಲಿ ಚಪ್ಪಲಿ ಸದ್ದು ನಿಂತಿತು.

“ಹುಷಾರಾಗಿ ಹೋಗ್ತೀನಿ ಮಾಮ. ಮನೆ ಮುಟ್ಟಿದ ತಕ್ಷಣ ಫೋನ್ ಮಾಡ್ತೀನಿ.”

“ರೀ, ಬಾಗ್ಲು ಹಾಕ್ರೀ, ಸೊಳ್ಳೆ ಬರುತ್ತೆ” ಎಂದು ಒಳಗಿನಿಂದ ಹೆಂಡತಿ ಕೂಗಿದಳು. “ಬಾಗ್ಲು ಹಾಕ್ತೀನಿ” ಎಂದ ಮಾಮ, ಕೆಳಗೆ ಗೇಟಿನ ಸದ್ದಾಗುವವರೆಗೆ ಕಂಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.